ಕ್ಯೂಆರ್‌ಎಲ್ ಬಳಗದ ಕೆಲಸ ಎಲ್ಲಿಗೆ ಬಂತು: ಸಹಿಯ ಗಾತ್ರದ ಲೆಕ್ಕ

ಕ್ವಾಂಟಂ ಕಂಪ್ಯೂಟರಿನ ದಾಳಿಗೆ ಜಗ್ಗುವುದಿಲ್ಲವೆಂದು ಹೇಳಿಕೊಳ್ಳುವ ಬ್ಲಾಕ್‌ಚೈನ್ ಯೋಜನೆಗಳು ಈಗ ಸಾಕಷ್ಟಿವೆ. ಮೊದಲ ಬ್ಲಾಕಿನಿಂದಲೇ ಆ ಮಾತನ್ನು ಉಳಿಸಿಕೊಂಡು ಬಂದವು ಮಾತ್ರ ಬೆರಳೆಣಿಕೆಯಷ್ಟು. 2018ರ ಜೂನ್‌ನಲ್ಲಿ ಮೇನ್‌ನೆಟ್ (ನಿಜವಾದ ವಹಿವಾಟು ನಡೆಯುವ ಮುಖ್ಯ ಜಾಲ) ಆರಂಭಿಸಿದ ಕ್ವಾಂಟಂ ರೆಸಿಸ್ಟೆಂಟ್ ಲೆಡ್ಜರ್, ಚಿಕ್ಕದಾಗಿ ಕ್ಯೂಆರ್‌ಎಲ್, ಅಂಥದ್ದೊಂದು. ಅದರ ಸುತ್ತ ಬೆಳೆದ ಯೋಜನೆಗಳ ಕೋಡನ್ನು ಕೆಲವು ವರ್ಷಗಳಿಂದ ಗಮನಿಸುತ್ತಿರುವ ನನಗೆ ಅನ್ನಿಸುವುದು ಇಷ್ಟು: ಅಲ್ಲಿ ಗೂಢಲಿಪಿಯ ಗಣಿತ ಎಂದೋ ತೀರ್ಮಾನವಾಗಿದೆ, ಈಗಿನ ಪ್ರಗತಿಯೆಲ್ಲ ಆ ಗಣಿತ ತಂದೊಡ್ಡುವ, ವಹಿವಾಟನ್ನು ದೃಢಪಡಿಸುವ ಡಿಜಿಟಲ್ ಸಹಿಯ ಗಾತ್ರವನ್ನು ನೋಡ್ (ಜಾಲದ ಕಂಪ್ಯೂಟರ್), ಕಂಪೈಲರ್, ವಾಲೆಟ್‌ಗಳು ಹೇಗೆ ಹೊರುತ್ತವೆ ಎಂಬುದರಲ್ಲಿದೆ. ನಾಣ್ಯದ ಬೆಲೆಯ ಬಗ್ಗೆ ಇಲ್ಲಿ ಏನೂ ಬರೆಯುವುದಿಲ್ಲ. ಗೂಗಲ್ 2024ರ ಡಿಸೆಂಬರ್‌ನಲ್ಲಿ 105 ಕ್ಯೂಬಿಟ್‌ಗಳ (ಕ್ವಾಂಟಂ ಗಣನೆಯ ಮೂಲ ಘಟಕ) ವಿಲೋ ಕ್ವಾಂಟಂ ಚಿಪ್ ಪ್ರಕಟಿಸಿದಾಗಲೂ ಚರ್ಚೆ ಬೆಲೆಯ ಕಡೆಗೇ ಹೊರಳಿತ್ತು.

ಅಪಾಯದ ಹಿನ್ನೆಲೆ ಹಲವರಿಗೆ ಗೊತ್ತಿರುವುದೇ. ಗಣಿತಜ್ಞ ಪೀಟರ್ ಶೋರ್ 1994ರಲ್ಲಿ ತೋರಿಸಿಕೊಟ್ಟ ವಿಧಾನವು ಸಾಕಷ್ಟು ದೊಡ್ಡ ಕ್ವಾಂಟಂ ಯಂತ್ರ ಸಿಕ್ಕ ದಿನ ಆರ್‌ಎಸ್‌ಎ ಎಂಬ ಗೂಢಲಿಪಿ ವಿಧಾನವನ್ನೂ, ಬಿಟ್‌ಕಾಯಿನ್ ಮತ್ತು ಎಥೀರಿಯಂ ನಂಬಿರುವ ಎಲಿಪ್ಟಿಕ್ ಕರ್ವ್ ಸಹಿಯನ್ನೂ ಮುರಿಯುತ್ತದೆ. 2048 ಬಿಟ್‌ನ ಆರ್‌ಎಸ್‌ಎ ಕೀಲಿಯನ್ನು ಒಡೆಯಲು 2 ಕೋಟಿ ಕ್ಯೂಬಿಟ್ ಬೇಕೆಂದು 2019ರಲ್ಲಿ ಅಂದಾಜಿಸಿದ್ದ ಗೂಗಲ್‌ನ ಸಂಶೋಧಕ ಕ್ರೇಗ್ ಗಿಡ್ನಿ, 2025ರ ಮೇ ತಿಂಗಳ ಪ್ರಬಂಧದಲ್ಲಿ ಅದನ್ನು 10 ಲಕ್ಷಕ್ಕಿಂತ ಕೆಳಗೆ ಇಳಿಸಿದರು. ಅಂಥ ಯಂತ್ರ ಇನ್ನೂ ಇಲ್ಲ, ನಿಜ. ಆದರೆ ಬೇಕಾದ ಕ್ಯೂಬಿಟ್‌ಗಳ ಲೆಕ್ಕ ಇಳಿಯುತ್ತಾ ಬರುತ್ತಿರುವುದೂ ಅಷ್ಟೇ ನಿಜ.

ಕ್ಯೂಆರ್‌ಎಲ್‌ನ ಹಳೆಯ ಸರಪಳಿ ಆರಿಸಿಕೊಂಡದ್ದು ಎಕ್ಸ್‌ಎಂಎಸ್‌ಎಸ್ ಎಂಬ ಹ್ಯಾಶ್ (ದತ್ತಾಂಶವನ್ನು ಹಿಂತಿರುಗಿಸಲಾಗದ ಚಿಕ್ಕ ಗುರುತಾಗಿ ಕುಗ್ಗಿಸುವ ಲೆಕ್ಕ) ಆಧಾರಿತ ಸಹಿಯನ್ನು. ಹ್ಯಾಶ್‌ಗಳನ್ನು ಜೋಡಿಜೋಡಿಯಾಗಿ ಸೇರಿಸುತ್ತಾ ಕಟ್ಟುವ ಮರ್ಕಲ್ ಮರದ ಪ್ರತಿಯೊಂದು ಎಲೆಯೂ ಒಂದೇ ಒಂದು ಸಹಿಗೆ ಮೀಸಲಾದ ಕೀಲಿ. ಮರದ ಎತ್ತರ 10 ಆಗಿದ್ದರೆ ಆ ವಿಳಾಸದಿಂದ ಒಟ್ಟು 1024 ಸಹಿ, ಅದಕ್ಕಿಂತ ಒಂದೂ ಹೆಚ್ಚಿಲ್ಲ. ಇದರ ಭದ್ರತೆ ಹ್ಯಾಶ್ ಫಂಕ್ಷನ್‌ನ ಮೇಲೆ ಮಾತ್ರ ನಿಂತಿರುವುದರಿಂದ ಇದಕ್ಕಿಂತ ಗಟ್ಟಿಯಾದ ನೆಲೆ ಇನ್ನೊಂದು ಸಿಗುವುದು ಕಷ್ಟ. ತೊಂದರೆ ಇರುವುದು ಬಳಕೆಯಲ್ಲಿ. ಒಂದೇ ಎಲೆಯಿಂದ ಎರಡು ಬೇರೆ ಬೇರೆ ಸಂದೇಶಗಳಿಗೆ ಸಹಿ ಬಿದ್ದರೆ, ಅವೆರಡನ್ನೂ ಕಂಡವನು ಮೂರನೆಯದನ್ನು ನಕಲಿ ಮಾಡುವ ದಾರಿ ತೆರೆದುಕೊಳ್ಳುತ್ತದೆ. ಹಾಗಾಗಿ ವಾಲೆಟ್ ತಾನು ಎಷ್ಟನೆಯ ಎಲೆಯವರೆಗೆ ಬಂದಿದ್ದೇನೆ ಎಂಬುದನ್ನು ಸದಾ ನೆನಪಿಡಬೇಕು. ವಾಲೆಟ್ಟನ್ನು ಮರಳಿ ಪಡೆಯಲು ಬಳಸುವ 34 ಪದಗಳ ಬೀಜವಾಕ್ಯವನ್ನು ಒಬ್ಬರು ಎರಡು ಫೋನ್‌ಗಳಲ್ಲಿ ಹಾಕಿಕೊಂಡರೆಂದು ಇಟ್ಟುಕೊಳ್ಳಿ: ಒಂದರ ಲೆಕ್ಕ ಇನ್ನೊಂದಕ್ಕೆ ತಿಳಿಯದು. ಬಳಸಿದ ಎಲೆ ಮತ್ತೆ ಬಂದರೆ ನೋಡ್‌ಗಳು ಆ ವಹಿವಾಟನ್ನು ತಿರಸ್ಕರಿಸುತ್ತವೆ, ವಾಲೆಟ್ ಕೂಡ ಸರಪಳಿಯನ್ನು ಕೇಳಿ ಮುಂದಿನ ಎಲೆಯನ್ನು ತಿಳಿದುಕೊಳ್ಳಬಲ್ಲದು. ಆದರೂ ಸಹಿ ಹಾಕುವ ಮುನ್ನ ಜಾಲವನ್ನು ಕೇಳಲೇಬೇಕಾದ ಕೀಲಿ ಸಾಮಾನ್ಯ ಬಳಕೆದಾರನಿಗೆ ಭಾರವೇ. ಅಮೆರಿಕದ ಮಾನದಂಡ ಸಂಸ್ಥೆ ಎನ್‌ಐಎಸ್‌ಟಿ 2020ರಲ್ಲಿ ಎಕ್ಸ್‌ಎಂಎಸ್‌ಎಸ್‌ಗೆ ಮಾನ್ಯತೆ ಕೊಟ್ಟಾಗ, ಕೀಲಿ ಹುಟ್ಟಬೇಕಾದದ್ದೂ ಸಹಿ ಹಾಕಬೇಕಾದದ್ದೂ ಹಾರ್ಡ್‌ವೇರ್ ಸಾಧನದೊಳಗೆ, ರಹಸ್ಯ ಭಾಗ ಅಲ್ಲಿಂದ ಹೊರಗೆ ಬರಬಾರದು ಎಂಬ ಷರತ್ತನ್ನು ವಿಧಿಸಿತು. ಕಾಗದದಲ್ಲಿ ಬರೆದಿಟ್ಟ ಬೀಜವಾಕ್ಯದಿಂದ ಮರುಜೀವ ಪಡೆಯುವ ಯಾವ ವಾಲೆಟ್ಟೂ ಆ ಷರತ್ತಿಗೆ ಹೊಂದುವುದಿಲ್ಲ. ಈ ಒಂದು ಕಾರಣವೇ ಸಾಕಿತ್ತು, ಹೊಸ ದಾರಿ ಹುಡುಕಲು.

ಆ ದಾರಿಯೇ ಮೊದಲು ಝೋಂಡ್ ಎಂದು ಕರೆಸಿಕೊಂಡು ಮುಂದೆ ಕ್ಯೂಆರ್‌ಎಲ್ 2.0 ಆದ ಯೋಜನೆ. ಪ್ರೂಫ್ ಆಫ್ ವರ್ಕ್ (ಕಂಪ್ಯೂಟರ್ ಶ್ರಮದಿಂದ ಬ್ಲಾಕ್ ಗಳಿಸುವ ಕ್ರಮ) ಬಿಟ್ಟು ಪ್ರೂಫ್ ಆಫ್ ಸ್ಟೇಕ್‌ಗೆ (ನಾಣ್ಯವನ್ನು ಒತ್ತೆ ಇಟ್ಟು ಬ್ಲಾಕ್ ದೃಢಪಡಿಸುವ ಕ್ರಮ) ಹೋಗುವುದು, ಎಥೀರಿಯಂ ವರ್ಚುವಲ್ ಮಷೀನ್‌ಗೆ ಹೊಂದುವ ಸ್ಮಾರ್ಟ್ ಕಾಂಟ್ರ್ಯಾಕ್ಟ್‌ಗಳನ್ನು (ಸರಪಳಿಯ ಮೇಲೆ ತಾವೇ ನಡೆಯುವ ಪ್ರೋಗ್ರಾಂಗಳು) ನಡೆಸುವುದು, ಎಲೆ ಎಣಿಸುವ ಅಗತ್ಯವೇ ಇಲ್ಲದ ಸಹಿಯನ್ನು ಬಳಸುವುದು ಇದರ ಗುರಿ. ಎಲ್ಲವನ್ನೂ ಹೊಸದಾಗಿ ಬರೆಯಲು ಹೋಗದೆ, ಎಥೀರಿಯಂನ ನೋಡ್ ತಂತ್ರಾಂಶ ಗೋ-ಎಥೀರಿಯಂನಿಂದ ಗೋ-ಝೋಂಡ್, ಒಮ್ಮತ ತಂತ್ರಾಂಶ ಪ್ರಿಸಂನಿಂದ ಕ್ರಿಸಂ, ಕಾಂಟ್ರ್ಯಾಕ್ಟ್ ಭಾಷೆ ಸಾಲಿಡಿಟಿಯಿಂದ ಹೈಪೀರಿಯನ್ ಎಂಬ ಕವಲುಗಳನ್ನು ತೆಗೆದುಕೊಂಡು, ಅವುಗಳಲ್ಲಿ ಎಲಿಪ್ಟಿಕ್ ಕರ್ವ್ ಎಲ್ಲೆಲ್ಲಿ ಬೇರು ಬಿಟ್ಟಿದೆಯೋ ಅಲ್ಲಲ್ಲಿ ಕಿತ್ತು ಹಾಕಿ, ಸಾರ್ವಜನಿಕ ಟೆಸ್ಟ್‌ನೆಟ್‌ನಲ್ಲಿ ಓಡಿಸಿ ನೋಡುವ ಕ್ರಮವನ್ನು ಕ್ಯೂಆರ್‌ಎಲ್ ತಂಡದವರು ಅನುಸರಿಸಿದರು. ನನ್ನ ಮಟ್ಟಿಗೆ ಇದು ಜಾಣ ನಿರ್ಧಾರ. ಎಥೀರಿಯಂ ಬಲ್ಲ ಡೆವಲಪರ್‌ಗೆ ಅರ್ಧ ಊರು ಪರಿಚಿತವೇ ಆಗಿರುತ್ತದೆ.

ಆದರೆ ಬೇರು ಕೀಳುವುದು ಸುಲಭವಲ್ಲ. ಎಥೀರಿಯಂ ವಹಿವಾಟಿನಲ್ಲಿ ಕಳುಹಿಸಿದವರ ಸಾರ್ವಜನಿಕ ಕೀಲಿ ಇರುವುದೇ ಇಲ್ಲ. 65 ಬೈಟ್‌ಗಳ ಸಹಿಯಿಂದಲೇ ಅದನ್ನು ಹಿಂದಕ್ಕೆ ಲೆಕ್ಕ ಹಾಕಿ ತೆಗೆಯುತ್ತಾರೆ. ಕ್ಯೂಆರ್‌ಎಲ್ 2.0 ಆರಿಸಿಕೊಂಡ ಹೊಸ ಸಹಿಯಾದ ಎಂಎಲ್-ಡಿಎಸ್‌ಎ-87ರಲ್ಲಿ ಆ ಸೌಕರ್ಯವಿಲ್ಲ, ಕೀಲಿಯನ್ನು ಸಹಿಯ ಜೊತೆಗೇ ಕಳುಹಿಸಬೇಕು. ಸಹಿ 4627 ಬೈಟ್, ಕೀಲಿ 2592 ಬೈಟ್, ಎರಡೂ ಸೇರಿ 7219 ಬೈಟ್: ಎಥೀರಿಯಂ ಸಹಿಯ ಸುಮಾರು 111 ಪಟ್ಟು. ಸಾವಿರ ವಹಿವಾಟುಗಳಿಗೆ ಬರೀ ಸಹಿ ಮತ್ತು ಕೀಲಿಯ ಲೆಕ್ಕದಲ್ಲೇ 7.2 ಎಂಬಿ ಆಗುತ್ತದೆ.

ಯಾವ ಬ್ಲಾಕ್ ಸರಿಯೆಂದು ಜಾಲ ತೀರ್ಮಾನಿಸುವ ಒಮ್ಮತದ ಪದರದಲ್ಲಿ ಇದು ಇನ್ನೂ ಬಿಗಿಯಾಗುತ್ತದೆ. ಎಥೀರಿಯಂನ ವ್ಯಾಲಿಡೇಟರ್‌ಗಳು (ಬ್ಲಾಕುಗಳನ್ನು ಪರಿಶೀಲಿಸಿ ಸಹಿ ಹಾಕುವವರು) ಬಳಸುವ ಬಿಎಲ್‌ಎಸ್ ಸಹಿಗಳನ್ನು ಎಷ್ಟು ಸೇರಿಸಿದರೂ ಕೊನೆಗೆ ಉಳಿಯುವುದು 96 ಬೈಟ್‌ಗಳ ಒಂದೇ ಸಹಿ. ಎಂಎಲ್-ಡಿಎಸ್‌ಎ ಸಹಿಗಳು ಹಾಗೆ ಒಂದಾಗುವುದಿಲ್ಲ. 128 ಮಂದಿಯ ಒಂದು ಸಮಿತಿ ಸಹಿ ಹಾಕಿದರೆ 5.9 ಲಕ್ಷ ಬೈಟ್‌ಗಳನ್ನು ಬಿಡಿಬಿಡಿಯಾಗಿಯೇ ಸಾಗಿಸಬೇಕು. ಹಾಗಾಗಿ ಎಷ್ಟು ವ್ಯಾಲಿಡೇಟರ್‌ಗಳು ಇರಬೇಕು, ಬ್ಲಾಕುಗಳ ನಡುವೆ ಎಷ್ಟು ಹೊತ್ತು ಬಿಡಬೇಕು ಎಂಬ ತೀರ್ಮಾನಗಳೆಲ್ಲ ಈ ಗಾತ್ರದ ಹಿಡಿತಕ್ಕೆ ಬರುತ್ತವೆ. ಕ್ರಿಸಂ ಕೋಡಿನಲ್ಲಿ ನನಗೆ ಅತ್ಯಂತ ಆಸಕ್ತಿ ಹುಟ್ಟಿಸುವ ಭಾಗ ಇದೇ.

ಮಾನದಂಡಕ್ಕಾಗಿ ಕಾಯಬೇಕಾದದ್ದೂ ಒಂದು ಕೆಲಸವಾಗಿತ್ತು. ಎನ್‌ಐಎಸ್‌ಟಿ 2022ರಲ್ಲಿ ಡೈಲಿಥಿಯಂ ಎಂಬ ಸಹಿ ವಿಧಾನವನ್ನು ಆಯ್ಕೆ ಮಾಡಿ, 2024ರ ಆಗಸ್ಟ್‌ನಲ್ಲಿ ಎಂಎಲ್-ಡಿಎಸ್‌ಎ ಎಂಬ ಹೆಸರಿನಲ್ಲಿ ಅಂತಿಮಗೊಳಿಸುವಾಗ ಸಣ್ಣಪುಟ್ಟ ಬದಲಾವಣೆಗಳನ್ನು ಮಾಡಿತು. ಅತ್ಯುನ್ನತ ಭದ್ರತಾ ಹಂತದ ಸಹಿ 4595 ಬೈಟ್‌ನಿಂದ 4627ಕ್ಕೆ ಏರಿತು. ವ್ಯತ್ಯಾಸ ಬರೀ 32 ಬೈಟ್, ಆದರೆ ಹಳೆಯ ಸಹಿಯನ್ನು ಹೊಸ ಕೋಡ್ ಒಪ್ಪುವುದಿಲ್ಲ, ಹೊಸದನ್ನು ಹಳೆಯದು ಒಪ್ಪುವುದಿಲ್ಲ. ಡೈಲಿಥಿಯಂ ಮೇಲೆ ಕಟ್ಟಿದ್ದ ಲೈಬ್ರರಿಗಳನ್ನೂ ಅವುಗಳನ್ನು ನೆಚ್ಚಿದ್ದ ವಾಲೆಟ್‌ಗಳನ್ನೂ ಮತ್ತೆ ತಿದ್ದಬೇಕಾಯಿತು. ಇಂಥ ಕೆಲಸಕ್ಕೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ.

ಈ ಬಳಗದ ಹೊರಗೂ ಚಟುವಟಿಕೆ ಇದೆ. ಅಲ್ಗೊರ್ಯಾಂಡ್ ಎಂಬ ಬ್ಲಾಕ್‌ಚೈನ್ 2022ರಿಂದಲೇ ತನ್ನ ಸ್ಟೇಟ್ ಪ್ರೂಫ್‌ಗಳಿಗೆ (ಸರಪಳಿಯ ಸ್ಥಿತಿಗೆ ಕೊಡುವ ಸಾಕ್ಷ್ಯಗಳು) ಫಾಲ್ಕನ್ ಸಹಿಯನ್ನು ಬಳಸುತ್ತಿದೆ. ಫಾಲ್ಕನ್-512ರ ಸಹಿ ಸುಮಾರು 666 ಬೈಟ್ ಮಾತ್ರ, ಆದರೆ ಅದರ ಭಿನ್ನಾಂಕಗಳ ಫ್ಲೋಟಿಂಗ್-ಪಾಯಿಂಟ್ ಗಣಿತವನ್ನು ಸುರಕ್ಷಿತವಾಗಿ ಕೋಡಿಗೆ ಇಳಿಸುವುದು ಹೆಚ್ಚು ನಾಜೂಕಿನ ಕೆಲಸ. ಎಥೀರಿಯಂನ ಸಂಶೋಧಕರು ವ್ಯಾಲಿಡೇಟರ್‌ಗಳಿಗೆ ಹ್ಯಾಶ್ ಆಧಾರಿತ ಸಹಿಗಳನ್ನೇ ಕೊಟ್ಟು, ಅವನ್ನು ಸಂಕ್ಷಿಪ್ತ ಗಣಿತ ಸಾಕ್ಷ್ಯವೊಂದರಲ್ಲಿ ಒಟ್ಟುಗೂಡಿಸುವ ಯೋಚನೆಯಲ್ಲಿದ್ದಾರೆ. ಎಕ್ಸ್‌ಎಂಎಸ್‌ಎಸ್ ಮಾದರಿ ಹೀಗೆ ಹಿಂಬಾಗಿಲಿನಿಂದ ಮತ್ತೆ ಒಳಗೆ ಬರುತ್ತಿರುವುದು ಸ್ವಾರಸ್ಯಕರ. ವ್ಯಾಲಿಡೇಟರ್ ನಿಗದಿತ ಹೊತ್ತಿಗೆ ಒಂದೇ ಸಹಿ ಹಾಕುವುದರಿಂದ ಅಲ್ಲಿ ಎಲೆ ಎಣಿಸುವುದು ಗಡಿಯಾರದ ಕೆಲಸವಾಗಿಬಿಡುತ್ತದೆ, ಮನುಷ್ಯನ ನೆನಪಿಗೆ ಬಿಟ್ಟದ್ದಲ್ಲ. ಬಿಟ್‌ಕಾಯಿನ್‌ನಲ್ಲಿ ಕ್ವಾಂಟಂ ಅಪಾಯವನ್ನು ತಗ್ಗಿಸುವ ಬಿಐಪಿ-360 ಎಂಬ ಪ್ರಸ್ತಾವದ ಸುತ್ತ ಚರ್ಚೆ ನಡೆದಿದೆ. ಸಾರ್ವಜನಿಕ ಕೀಲಿ ಈಗಾಗಲೇ ಬಯಲಾಗಿರುವ ಹಳೆಯ ನಾಣ್ಯಗಳ ಗತಿ ಏನೆಂಬ ಪ್ರಶ್ನೆಗೆ ಅಲ್ಲಿ ತಾಂತ್ರಿಕ ಉತ್ತರಕ್ಕಿಂತ ಒಮ್ಮತ ಸಿಗುವುದೇ ಕಷ್ಟ.

ಕ್ಯೂಆರ್‌ಎಲ್‌ಗೆ ಆ ಜಗಳವಿಲ್ಲ, ಅದರ ಹಳೆಯ ವಿಳಾಸಗಳೂ ಕ್ವಾಂಟಂಗೆ ಸುರಕ್ಷಿತವೇ. ಆದರೆ ಹಳೆಯ ಸರಪಳಿಯ ಖಾತೆಗಳನ್ನು ಹೊಸದಕ್ಕೆ ಸಾಗಿಸುವ ಕೆಲಸ ಅದಕ್ಕೂ ತಪ್ಪಿದ್ದಲ್ಲ. ಹಳೆಯ ವಾಲೆಟ್ ಇಟ್ಟುಕೊಂಡಿರುವವರು ಈಗಲೇ ಅದನ್ನು ತೆರೆದು, ಬಳಸದೆ ಉಳಿದಿರುವ ಎಲೆಗಳೆಷ್ಟು ಎಂದು ನೋಡಿಕೊಳ್ಳುವುದು ಒಳ್ಳೆಯದು. ಕೊನೆಯ ಎಲೆಯೂ ಖರ್ಚಾದ ವಿಳಾಸದಿಂದ ಹಣವನ್ನು ಕದಲಿಸಲು ಸಹಿಯೇ ಸಿಗುವುದಿಲ್ಲವಾದ್ದರಿಂದ, ಎಲೆಗಳು ಕೆಲವೇ ಉಳಿದಿದ್ದರೆ ಅವುಗಳಲ್ಲೊಂದನ್ನು ಬಳಸಿ ಎಲ್ಲವನ್ನೂ ಹೊಸ ಮರದ ವಿಳಾಸಕ್ಕೆ ವರ್ಗಾಯಿಸಿಕೊಳ್ಳಬೇಕು.