ಉರಿಯೂತದ ನರತುದಿ: ಮಾದರಿ ಎಲ್ಲಿಗೆ ಬಂತು

ತಾಮ್ರದ ತಗಡು 37 ಡಿಗ್ರಿಯಲ್ಲೇ ನಿಂತಿತ್ತು. ‘ಉರಿಯೂತ’ ಎಂದು ಬರೆದ ಗುಂಡಿಯನ್ನು ಮೆಲ್ಲಗೆ ತಿರುಗಿಸಿದೆ. ಕೆಂಪು ದೀಪಗಳು ಅಲ್ಲೊಂದು ಇಲ್ಲೊಂದು ಮಿನುಗಿ, ಬಜರ್ ಟಿಕ್ ಟಿಕ್ ಎನ್ನತೊಡಗಿತು. ನೋವು ಗ್ರಹಿಸುವ ನರತುದಿಯ ಈ ಮಾದರಿಯನ್ನು ಕಟ್ಟಲು ಹೊರಟಿದ್ದೇ ಇದಕ್ಕಾಗಿ. ಬಿಸಿ ಇದ್ದಷ್ಟೇ ಇದೆ, ಅದನ್ನು ನೋವೆಂದು ಎಣಿಸುವ ಮಿತಿ ಮಾತ್ರ ಕೆಳಗಿಳಿದಿದೆ. ಊದಿದ ಬೆರಳಿಗೆ ಬೆಚ್ಚನೆಯ ನೀರು ಏಕೆ ಸುಡುತ್ತದೆ ಎಂಬುದನ್ನು ಶಾಲೆಯ ಮಕ್ಕಳಿಗೆ ಕಣ್ಣೆದುರೇ ತೋರಿಸಬೇಕೆಂಬುದು ನನ್ನ ಆಸೆ.

ನೋವನ್ನು ಗ್ರಹಿಸುವ ನರಕೋಶಗಳ ಪೊರೆಯಲ್ಲಿ ಟಿಆರ್‌ಪಿವಿ1 ಎಂಬ ಪ್ರೋಟೀನ್ ಇದೆ. ವಿಜ್ಞಾನಿ ಡೇವಿಡ್ ಜೂಲಿಯಸ್ ಅವರ ತಂಡ ಮೆಣಸಿನಕಾಯಿಗೆ ಖಾರ ಕೊಡುವ ಕ್ಯಾಪ್ಸೈಸಿನ್‌ನ ಬೆನ್ನು ಹತ್ತಿ 1997ರಲ್ಲಿ ಇದನ್ನು ಪತ್ತೆ ಮಾಡಿತು. ಅವರಿಗೆ 2021ರ ನೊಬೆಲ್‌ನಲ್ಲಿ ಪಾಲು ಬಂತು. ಸುಮಾರು 43 ಡಿಗ್ರಿ ದಾಟಿದಾಗ ಈ ಪ್ರೋಟೀನ್ ತೆರೆದುಕೊಂಡು ಸೋಡಿಯಂ, ಕ್ಯಾಲ್ಸಿಯಂ ಅಯಾನುಗಳನ್ನು ಒಳಬಿಡುತ್ತದೆ. ಖಾರ ತಾಗಿದರೂ ತೆರೆಯುವುದು ಇದೇ. ಮೆಣಸಿನಕಾಯಿ ತೊಟ್ಟು ಬಿಡಿಸಿದ ದಿನ ನಮ್ಮ ಅತ್ತಿಗೆ ಬಿಸಿನೀರಿನ ತಂಟೆಗೇ ಹೋಗುವುದಿಲ್ಲ. ಸಿರುಗುಪ್ಪ ಕಡೆಯ ಮನೆಗಳಲ್ಲಿ ಇದನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಉರಿಯೂತದ ಭಾಗವೇ ನನ್ನನ್ನು ಹೆಚ್ಚು ಕಾಲ ಹಿಡಿದಿಟ್ಟಿತು. ಗಾಯವಾದ ಜಾಗದಲ್ಲಿ ಆಮ್ಲೀಯತೆ ಏರುತ್ತದೆ. ಬ್ರಾಡಿಕೈನಿನ್, ಪ್ರೊಸ್ಟಾಗ್ಲಾಂಡಿನ್ ಎಂಬ ರಾಸಾಯನಿಕಗಳು ಬಂದು ಸೇರುತ್ತವೆ. ಇವು ನರಕೋಶದೊಳಗಿನ ಕಿಣ್ವಗಳನ್ನು ಎಬ್ಬಿಸುತ್ತವೆ, ಆ ಕಿಣ್ವಗಳು ಟಿಆರ್‌ಪಿವಿ1ಕ್ಕೆ ಫಾಸ್ಫೇಟ್ ಅಂಟಿಸುತ್ತವೆ. ಅಷ್ಟಾದರೆ ಸಾಕು, ಕೆಲವೇ ನಿಮಿಷಗಳಲ್ಲಿ ಮಿತಿ ಇಳಿದು, ದೇಹದ ಸಹಜ ಬಿಸಿಯೇ ನೋವಿನ ಸಂಕೇತ ಹೊರಡಿಸಬಹುದು. ನರ ಬೆಳವಣಿಗೆಯ ಅಂಶ ಎಂಬ ಇನ್ನೊಂದು ಪ್ರೋಟೀನ್‌ನ ಕೆಲಸ ಇದಕ್ಕಿಂತ ವಿಸ್ತಾರವಾದುದು. ಕೋಶದೊಳಗೆ ದಾಸ್ತಾನಾಗಿರುವ ಟಿಆರ್‌ಪಿವಿ1 ಅನ್ನು ಅದು ಪೊರೆಗೆ ತರಿಸುತ್ತದೆ, ದಿನಗಳು ಕಳೆದಂತೆ ಹೊಸದನ್ನೂ ಮಾಡಿಸುತ್ತದೆ. ಆದ್ದರಿಂದ ಒಂದೇ ಗುಂಡಿ ಸಾಲದು ಎಂದು ತೀರ್ಮಾನಿಸಿ ಎರಡು ಇಟ್ಟಿದ್ದೇನೆ: ಒಂದು ಮಿತಿಯನ್ನು ಇಳಿಸುತ್ತದೆ, ಇನ್ನೊಂದು ಕೆಲಸಕ್ಕಿಳಿಯುವ ದೀಪಗಳ ಸಂಖ್ಯೆಯನ್ನು ಏರಿಸುತ್ತದೆ.

ಒಟ್ಟು 16 ಎಲ್‌ಇಡಿಗಳಿವೆ, ಒಂದೊಂದೂ ಒಂದು ಟಿಆರ್‌ಪಿವಿ1. ಬಿಸಿ ಏರಿದಂತೆ ವಿದ್ಯುತ್ ರೋಧ ಇಳಿಯುವ 10 ಕಿಲೋ ಓಮ್ ಥರ್ಮಿಸ್ಟರ್ ಒಂದನ್ನು ತಗಡಿಗೆ ಅಂಟಿಸಿದ್ದೇನೆ; ಅದು 37 ಡಿಗ್ರಿಯಲ್ಲಿ ಸುಮಾರು 6, 43ರಲ್ಲಿ ಸುಮಾರು 4.7 ಕಿಲೋ ಓಮ್ ತೋರಿಸುತ್ತದೆ. ಆರ್ಡುಯಿನೊ ಎಂಬ ಪುಟ್ಟ ಕಂಪ್ಯೂಟರ್ ಫಲಕ ಅದನ್ನು ಓದಿ ಪ್ರತಿ ದೀಪ ಹೊತ್ತುವ ಸಂಭವವನ್ನು ಲೆಕ್ಕ ಹಾಕುತ್ತದೆ. ಮಿತಿ ದಾಟಿದೊಡನೆ ಎಲ್ಲ ದೀಪಗಳೂ ಒಟ್ಟಿಗೆ ಹೊತ್ತುವಂತೆ ಮಾಡುವುದು ಸುಲಭವಿತ್ತು, ಆದರೆ ಅದು ಸುಳ್ಳಾಗುತ್ತಿತ್ತು. ನಿಜವಾದ ಪ್ರೋಟೀನ್‌ಗಳು ಬಿಸಿ ಏರಿದಂತೆ ಹೆಚ್ಚು ಹೆಚ್ಚು ಬಾರಿ ತೆರೆಯುತ್ತವೆ, ಮುಚ್ಚುತ್ತವೆ.

ಬಳ್ಳಾರಿಯ ಬೇಸಿಗೆಯಲ್ಲಿ ತಗಡನ್ನು ಕಾಯಿಸುವುದಕ್ಕಿಂತ 37ಕ್ಕೆ ಇಳಿಸುವುದೇ ಕಷ್ಟ. ತಗಡಿನ ಮಾಡಿನ ಕೋಣೆ ಮಧ್ಯಾಹ್ನ 40 ದಾಟುತ್ತದೆ. ಅದಕ್ಕೇ ತಾಮ್ರದ ಅಡಿಗೆ 12 ವೋಲ್ಟ್‌ನ ಪೆಲ್ಟಿಯರ್ ಎಂಬ ವಿದ್ಯುತ್ ಬಿಲ್ಲೆ ಕೂಡಿಸಿದ್ದೇನೆ. ವಿದ್ಯುತ್ತಿನ ದಿಕ್ಕು ಬದಲಿಸಿದರೆ ಅದೇ ತಂಪು ಮಾಡುತ್ತದೆ, ಅದೇ ಕಾಯಿಸುತ್ತದೆ.

ಮಾತ್ರೆಯ ಸ್ವಿಚ್ಚೂ ಸೇರಿತು. ಆಸ್ಪಿರಿನ್ ನೇರವಾಗಿ ಟಿಆರ್‌ಪಿವಿ1ಕ್ಕೆ ಬೀಗ ಹಾಕುವುದಿಲ್ಲ. ಅದು ಪ್ರೊಸ್ಟಾಗ್ಲಾಂಡಿನ್ ತಯಾರಾಗುವುದನ್ನು ತಡೆಯುತ್ತದೆ ಎಂದು ಜಾನ್ ವೇನ್ 1971ರಲ್ಲಿ ತೋರಿಸಿದರು. ಆದ್ದರಿಂದ ಸ್ವಿಚ್ ಹಾಕಿದಾಗ ಮಿತಿ ಅರ್ಧ ದಾರಿಯಷ್ಟೇ ಹಿಂದಕ್ಕೆ ಏರುತ್ತದೆ, ಬ್ರಾಡಿಕೈನಿನ್‌ನ ಪಾಲು ಉಳಿಯುತ್ತದೆ. ಮಾತ್ರೆ ನುಂಗಿದವರ ಕೈಯೂ ಒಲೆಯ ಮೇಲಿನ ಪಾತ್ರೆ ಮುಟ್ಟಿದರೆ ಏಕೆ ಸುಡುತ್ತದೆ ಎಂಬ ಪ್ರಶ್ನೆಗೆ ಉತ್ತರ ಇಲ್ಲೇ ಇದೆ.

ಇನ್ನು ಉಳಿದಿರುವುದು ಹಳದಿ ಸಾಲು. ಟಿಆರ್‌ಪಿವಿ1 ಇಲ್ಲದ ಇಲಿಗಳಲ್ಲಿ ಉರಿಯೂತ ಬಂದರೂ ಬಿಸಿಯ ನೋವು ಹೆಚ್ಚಲಿಲ್ಲ ಎಂಬುದು 2000ದಲ್ಲಿ ಕಂಡುಬಂತು. ಆದರೆ ಸುಡುವ ಬಿಸಿ ಅವುಗಳಿಗೆ ತಿಳಿಯದೆ ಹೋಗಲಿಲ್ಲ. ಟಿಆರ್‌ಪಿಎಂ3, ಟಿಆರ್‌ಪಿಎ1 ಎಂಬ ಬೇರೆ ಪ್ರೋಟೀನ್‌ಗಳೂ ಆ ಕೆಲಸದಲ್ಲಿವೆ. ಹಳದಿ ದೀಪಗಳು ಇವುಗಳಿಗಾಗಿ. ಕೆಂಪು ಸಾಲನ್ನು ಮಕ್ಕಳೇ ಕಿತ್ತು ತೆಗೆಯುವಂತೆ ಪ್ಲಗ್ ಹಾಕಬೇಕು. ಆಮೇಲೆ ಗುಂಡಿಯನ್ನು ಎಷ್ಟು ತಿರುಗಿಸಿದರೂ 37ರಲ್ಲಿ ಬಜರ್ ಸುಮ್ಮನಿರಬೇಕು, 50ಕ್ಕೆ ಕಾಯಿಸಿದರೆ ಕೂಗಬೇಕು.