ಬಿಸಿ ಮಾಡುವ ಮೊದಲು ಕ್ಯಾಲ್ಸಿಯಂ ನೋಡಿ

ಬಾತುಕೋಳಿಯ ಕರುಳಿನಲ್ಲಿ ಸುಮಾರು 41 ಡಿಗ್ರಿ, ಹಂದಿಯ ಮೈಯಲ್ಲಿ 39ರ ಆಸುಪಾಸು, ಮನುಷ್ಯರ ಮೂಗಿನೊಳಗೆ 33. ಇನ್‌ಫ್ಲುಯೆಂಜಾ ವೈರಸ್ಸು ಇಷ್ಟೂ ಕಡೆ ನೆಲೆಯೂರುತ್ತದೆ. ಹಾಗಾದರೆ ಅದರ ನ್ಯೂರಾಮಿನಿಡೇಸ್ (ಹೊಸ ವೈರಸ್ಸನ್ನು ಕೋಶದಿಂದ ಬಿಡಿಸುವ ಕಿಣ್ವ) ಎಷ್ಟು ಬಿಸಿ ತಾಳುತ್ತದೆ? ಅಳೆಯುವುದು ಸುಲಭ, ತಪ್ಪಾಗಿ ಅಳೆಯುವುದು ಇನ್ನೂ ಸುಲಭ.

ಕಿಣ್ವವನ್ನು 33 ಮಿಲಿಮೋಲಾರ್ ಎಂಇಎಸ್ ಬಫರ್‌ನಲ್ಲಿ (ಪಿಎಚ್ ಬದಲಾಗದಂತೆ ಹಿಡಿದಿಡುವ ದ್ರಾವಣ; ಪಿಎಚ್ 6.5, ಜೊತೆಗೆ 4 ಮಿಲಿಮೋಲಾರ್ ಕ್ಯಾಲ್ಸಿಯಂ ಕ್ಲೋರೈಡ್) ತೆಳುಮಾಡಿ, 50 ಮೈಕ್ರೋಲೀಟರ್‌ನಂತೆ ಪಿಸಿಆರ್ ಟ್ಯೂಬ್‌ಗಳಿಗೆ ಹಾಕಿ. ಗ್ರೇಡಿಯಂಟ್ (ಒಂದೇ ಸಲ ಬೇರೆ ಬೇರೆ ಟ್ಯೂಬಿಗೆ ಬೇರೆ ಬೇರೆ ಬಿಸಿ) ಇರುವ ಪಿಸಿಆರ್ ಯಂತ್ರದಲ್ಲಿ 37ರಿಂದ 65 ಡಿಗ್ರಿವರೆಗೆ 15 ನಿಮಿಷ ಇಟ್ಟು, ತೆಗೆದ ತಕ್ಷಣ ಐಸ್ ಮೇಲಿಡಿ. ಆಮೇಲೆ ಎಲ್ಲವನ್ನೂ ಒಂದೇ 37 ಡಿಗ್ರಿಗೆ ತಂದು, 100 ಮೈಕ್ರೋಮೋಲಾರ್ ಮುನಾನಾ (ಕಿಣ್ವ ಕತ್ತರಿಸಿದಾಗ ನೀಲಿ ಹೊಳೆಯುವ ವಸ್ತು ಬಿಡುವ ರಾಸಾಯನಿಕ) ಬೆರೆಸಿ, ಅರ್ಧ ಗಂಟೆ ಬಿಟ್ಟು, ಕಾಸ್ಟಿಕ್ ಸೋಡಾ ಬೆರೆಸಿದ ಆಲ್ಕೋಹಾಲ್ ಹಾಕಿ ನಿಲ್ಲಿಸಿ. ಕ್ಷಾರ ಬಿದ್ದಾಗಲೇ ನೀಲಿ ಹೊಳಪು ಚೆನ್ನಾಗಿ ಏರುವುದು. 360 ನ್ಯಾನೋಮೀಟರ್ ಬೆಳಕು ಕೊಟ್ಟು ಹೊಳಪನ್ನು 450ರ ಸುತ್ತ ಓದಿ. ಬಿಸಿ ಕಾಣದ ಟ್ಯೂಬೇ ನಿಮ್ಮ ಶೇಕಡಾ ನೂರು. ಕಿಣ್ವವಿಲ್ಲದ ಖಾಲಿ ಟ್ಯೂಬನ್ನೂ ಮರೆಯಬೇಡಿ. ಮುನಾನಾ ತಾನಾಗಿಯೂ ಸ್ವಲ್ಪ ಒಡೆಯುತ್ತದೆ.

ಕೆಲಸದ ಬಿಸಿಯೇ ಬೇರೆ, ತಾಳುವ ಬಿಸಿಯೇ ಬೇರೆ. 50 ಡಿಗ್ರಿಯಲ್ಲೇ ಮುನಾನಾ ಬೆರೆಸಿ ಓದಿದರೆ ಎರಡೂ ಕಲಸಿಹೋಗುತ್ತವೆ. ವೈರಸ್ಸಿನ ಜೀನುಗಳನ್ನು ನಕಲು ಮಾಡುವ ಕಿಣ್ವ ಪಾಲಿಮರೇಸ್‌ನ ಪಿಬಿ2 ಎಂಬ ತುಂಡಿನ 627ನೇ ಜಾಗದ ಮಾತೂ ಮೊದಲನೆಯ ಬಗೆಯದು: ಹಕ್ಕಿಯ ವೈರಸ್ಸಿನ ಗ್ಲುಟಾಮಿಕ್ ಆಮ್ಲ ಲೈಸೀನ್ ಆದಾಗ ಸಸ್ತನಿಯ ಕೋಶದಲ್ಲಿ, ಅದರಲ್ಲೂ 33 ಡಿಗ್ರಿಯಲ್ಲಿ, ಕೆಲಸ ಸಲೀಸಾಗುತ್ತದೆ. ಅದು ಬಿಸಿ ತಾಳುವ ಶಕ್ತಿಯ ಅಳತೆಯಲ್ಲ.

ಈಗ ನಿಜವಾದ ತೊಂದರೆಗೆ ಬರೋಣ. ನ್ಯೂರಾಮಿನಿಡೇಸ್ ನಾಲ್ಕು ತುಂಡುಗಳು ಕೂಡಿದ ಗುಂಪು, ಅದನ್ನು ಗಟ್ಟಿಯಾಗಿ ಹಿಡಿದಿಡುವುದರಲ್ಲಿ ಕ್ಯಾಲ್ಸಿಯಂ ಪಾತ್ರ ದೊಡ್ಡದು. ಕ್ಯಾಲ್ಸಿಯಂ ಹಿಡಿದುಕೊಳ್ಳುವ ಇಡಿಟಿಎ ಸೇರಿದರೆ ತಾಳುವ ಬಿಸಿ ಇಳಿಯುತ್ತದೆ. ಪಿಬಿಎಸ್ (ಫಾಸ್ಫೇಟ್ ಬೆರೆತ ಉಪ್ಪಿನ ಬಫರ್) ಬಳಸಿದರೆ ಫಾಸ್ಫೇಟು ಕ್ಯಾಲ್ಸಿಯಂ ಜೊತೆ ಸೇರಿ ಬಿಳಿ ಗಸಿಯಾಗಿ ಕೂರಬಹುದು. ಆಗ ಬಫರ್‌ನಲ್ಲಿ ಉಳಿದದ್ದೆಷ್ಟು ಎಂಬ ಲೆಕ್ಕವೇ ತಪ್ಪುತ್ತದೆ. ಬೆಂಗಳೂರಲ್ಲಿ ಇನ್ನೊಂದು ಕಾಟವಿದೆ, ಬೋರ್‌ವೆಲ್‌ನ ಗಡಸು ನೀರು. ಗಾಜಿನ ಪಾತ್ರೆಯನ್ನು ಆ ನೀರಲ್ಲಿ ತೊಳೆದು ಹಾಗೇ ಒಣಗಿಸಿದರೆ ಬಿಳಿ ಕಲೆ ಉಳಿಯುತ್ತದಲ್ಲ, ಅದರಲ್ಲಿರುವುದು ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. "ಕ್ಯಾಲ್ಸಿಯಂ ಇಲ್ಲದ" ಬಫರನ್ನು ಅದೇ ಪಾತ್ರೆಯಲ್ಲಿ ಮಾಡಿದರೆ ಹೋಲಿಕೆ ಕೆಟ್ಟಿತೆಂದೇ ಲೆಕ್ಕ. ದುರ್ಬಲ ಆಮ್ಲದಲ್ಲಿ ತೊಳೆದು, ಡಿಅಯಾನೈಸ್ಡ್ ನೀರಲ್ಲಿ ಮೂರು ಸಲ ಜಾಲಿಸಿ. ಹೊಸ ಪ್ಲಾಸ್ಟಿಕ್ ಟ್ಯೂಬೇ ಆದರೆ ಇನ್ನೂ ಒಳ್ಳೆಯದು.

ಹಕ್ಕಿಜ್ವರದ ಜೀವಂತ ಎಚ್5 ವೈರಸ್ಸನ್ನು ಸಾಮಾನ್ಯ ಲ್ಯಾಬಿನಲ್ಲಿ ಮುಟ್ಟಲೇಬಾರದು. ಶುದ್ಧ ಪ್ರೋಟೀನ್ ಸಾಕು. ಆದರೆ ಅದರ ಕಾಂಡ (ವೈರಸ್ಸಿನ ಮೈಗೆ ಜೋಡಿಸುವ ಭಾಗ) ತೆಗೆದು ನಾಲ್ಕನ್ನು ಕೂಡಿಸಲು ಬೇರೆ ಕೊಂಡಿ ಹಾಕಿದ್ದರೆ, ಬಿಸಿ ತಾಳುವ ಗುಣವೂ ಬದಲಾಗಿರಬಹುದು. ಬಾತು, ಹಂದಿ, ಮನುಷ್ಯ, ಮೂರರದ್ದಕ್ಕೂ ಒಂದೇ ಕೊಂಡಿ ಇರಲಿ; ಒಂದೇ ದಿನ, ಒಂದೇ ಬಫರ್‌ನಲ್ಲಿ, ಒಂದೇ ಪ್ಲೇಟಿನಲ್ಲಿ ಅಳೆಯಿರಿ.