ಉತ್ತರ ನನ್ನ ಕಡೆಗೆ

ಬೆಳಿಗ್ಗೆ ಅಕ್ಕನ ಜೊತೆ ಬಳ್ಳಾರಿಯ ಬೀಜದ ಅಂಗಡಿಗೆ ಹೋಗಿದ್ದೆ. ಮೆಣಸಿನಕಾಯಿ ಬೆಳೆಯೋಳು ಅಕ್ಕ. ನಾನು ಸುಮ್ನೆ ಬೈಕ್ ಓಡಿಸಿಕೊಂಡು ಹೋದವನು.

"ಎಲೆ ಮುಟುರು ರೋಗ ಯಾವ ತಳಿಗೆ ಕಮ್ಮಿ ಬರ್ತೈತಣ್ಣ?" ಅಕ್ಕ ಕೇಳಿದಳು.

ಅಂಗಡಿಯವರು ಹೇಳಿದರು. ನನ್ನ ಮುಖ ನೋಡಿ.

ಅಕ್ಕ ಮತ್ತೊಂದು ಕೇಳಿದಳು. ಉತ್ತರ ಮತ್ತೆ ನನ್ನ ಕಡೆಗೇ.

ನಾನು ತಲೆ ಆಡಿಸಿದೆ. ಬೆಳೆಯ ಬಗ್ಗೆ ಏನೂ ಗೊತ್ತಿಲ್ಲದವನು, ಪ್ರತಿ ಮಾತಿಗೂ ತಲೆ ಆಡಿಸಿದೆ.

ನಾನು ಕಮ್ಮಿ ಮಾತಿನವನು ಅಂದುಕೊಂಡಿದ್ದೆ. ತಲೆ ಆಡಿಸೋದೂ ಮಾತೇ ಅಲ್ವಾ? ಅಕ್ಕನ ಮಾತನ್ನು ಅದೇ ಕಿತ್ತುಕೊಂಡಿತು.

1975ರ ಒಂದು ಅಮೆರಿಕನ್ ಅಧ್ಯಯನ ನೆನಪಾಯಿತು. ಗಂಡು-ಹೆಣ್ಣಿನ 11 ಮಾತುಕತೆ. ನಡುವೆ ಬಾಯಿ ಹಾಕಿದ್ದು ಒಟ್ಟು 48 ಸಲ, ಅದರಲ್ಲಿ 46 ಸಲ ಗಂಡಸರೇ. ಚಿಕ್ಕ ಲೆಕ್ಕ, ನಿಜ. ಆದರೂ ಇವತ್ತು ಚುಚ್ಚಿತು.

ವಾಪಸ್ ಬರುವಾಗ ಕೇಳಿದೆ, "ಬೇಜಾರಾಯ್ತಾ ಅಕ್ಕಾ?"

"ಅವರು ನಿನ್ನ ನೋಡಿದ್ದಕ್ಕಲ್ಲ. ನೀನು ಒಂದು ಸಲಾನೂ ನನ್ನ ಕಡೆ ತಿರುಗಲಿಲ್ಲಲ್ಲ, ಅದಕ್ಕೆ."

ಗಾಡಿ ಮೇಲೆ ಆಮೇಲೆ ಇಬ್ಬರೂ ಮಾತಾಡಲಿಲ್ಲ. ಗೊಬ್ಬರ ತರೋಕೆ ನಾಳೆ ಮತ್ತೆ ಹೋಗಬೇಕು.